ಹಲಗೆಗೆ ಭಾರ ಸಾಲದು

ಪುಟ್ಟಸಿದ್ದಮ್ಮ ಹುಣಸೂರಿನ ಹೆಣ್ಣುಮಕ್ಕಳ ಸ್ಕೂಲಿಗೆ ಹದಿನೈದು ದಿನ ರಜೆ ಹಾಕಿ ಸೋದರಮಾವನ ಊರಿಗೆ ಬಂದದ್ದು ನಿದ್ದೆ ಮಾಡುವುದಕ್ಕೆ. ಬೇರೆ ಯಾವ ಆಸೆಯೂ ಇರಲಿಲ್ಲ. ಚುಂಚನಕಟ್ಟೆಯಿಂದ ಬರುವ ಕಾಲುವೆ ಮನೆಯ ಹಿಂದೆಯೇ ಹರಿಯುತ್ತಿತ್ತು. ಆ ಸದ್ದು ಕೇಳುತ್ತ ನಡುಮನೆಯ ತಂಪಿನಲ್ಲಿ ಚಾಪೆ ಹಾಸಿಕೊಂಡು ಬಿದ್ದಿರಬೇಕು, ಯಾರೂ 'ಟೀಚರಮ್ಮಾ' ಎಂದು ಕರೆಯಬಾರದು, ಅಷ್ಟೇ ಅವಳ ಲೆಕ್ಕ.

ಊರಿನವರು ಬಿಡಬೇಕಲ್ಲ. ಸುತ್ತ ನಾಲ್ಕು ಊರಿಗೆ ಬಿ.ಎ. ಪಾಸು ಮಾಡಿದ ಹೆಣ್ಣು ಅವಳೊಬ್ಬಳೇ. ಅದು ಬೇರೆ ಯುದ್ಧದ ಕಾಲ. ಆ ಊರಿನ ಏಳು ಹುಡುಗರು ಪಟಾಲಮ್ಮಿಗೆ ಸೇರಿ ಎಲ್ಲೆಲ್ಲಿಗೋ ಹೋಗಿದ್ದರು. ಅವರ ಕಾಗದಗಳು ಅಟ್ಟದ ಮೇಲೆ, ದೇವರ ಗೂಡಿನಲ್ಲಿ, ರಾಗಿ ಮಡಕೆಯೊಳಗೆ ಓದುವವರಿಲ್ಲದೆ ಕಾದಿದ್ದವು. ಅವಳು ಬಂದ ಮಾರನೆಯ ಬೆಳಿಗ್ಗೆಯೇ ಜಗುಲಿ ತುಂಬಿತು. ಓದಿದಳು, ಉತ್ತರ ಬರೆದಳು. ಎರಡನೆಯ ದಿನವೂ ಬರೆದಳು. ಮಾತು ಬೆಳೆಸಲು ಬಾರದ ಹುಡುಗಿ, ಇಲ್ಲ ಎನ್ನಲೂ ಬಾರದು.

ಮೂರನೆಯ ದಿನ ಕೆಂಪಾಜಮ್ಮ ಬಂದಳು. ಅವಳ ಕೈಯಲ್ಲಿ ಕಂದು ಬಣ್ಣದ ಲಕೋಟೆ, ಮೇಲೆ ಟೈಪು ಹೊಡೆದ ಇಂಗ್ಲಿಷ್ ಅಕ್ಷರ. ಒಳಗೆ ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಪುಟ್ಟಸಿದ್ದಮ್ಮನಿಗೆ ಕನ್ನಡ ಸಿಗಲಿಲ್ಲ. ಅವಳು ಬಾಯಿ ತೆರೆದು ಮುಚ್ಚಿದ್ದನ್ನು ಕಂಡು ಕೆಂಪಾಜಮ್ಮ, "ನಮ್ಮ ಮಾದೇವನ ಕಾಲ್ಗೇನಾರ ಏಟು ಬಿದ್ದದಾ ಅವ್ವ?" ಎಂದಳು.

"ಇಲ್ಲ."

"ಕೈಗಾ?"

"ಇಲ್ಲ."

"ಕಣ್ಗಾ? ಕಣ್ಣೋದ್ರೂ ಚಿಂತಿಲ್ಲ, ನಾ ನೋಡ್ಕತೀನಿ, ಅದೇನಂತ ಏಳು."

ಹಾಗೆ ಮಗನ ಮೈಯನ್ನೆಲ್ಲ ಒಂದೊಂದಾಗಿ ಕೇಳಿ ಮುಗಿಸಿದ ಮೇಲೆಯೇ ಅವಳಿಗೆ ತಿಳಿದದ್ದು.

ಅವತ್ತಿನಿಂದ ಪುಟ್ಟಸಿದ್ದಮ್ಮ ಇನ್ನೊಂದು ಕಾಗದ ಓದುವುದಿಲ್ಲ ಎಂದು ಒಳಗೆ ಸೇರಿಕೊಂಡಳು. ಅತ್ತೆ ಚಿಕ್ಕಬೀರಮ್ಮ ಬಾಗಿಲಲ್ಲಿ ನಿಂತು, "ಹುಡ್ಗಿಗೆ ಉಸಾರಿಲ್ಲ, ಓಗ್ರಪ್ಪ" ಎಂದು ಎಲ್ಲರನ್ನೂ ಕಳಿಸಿದಳು. ಆದರೆ ನಿದ್ದೆಯೂ ಜನರ ಜೊತೆಗೇ ಎದ್ದು ಹೋಗಿತ್ತು. ಕಣ್ಣು ಮುಚ್ಚಿದರೆ ಸಾಕು, 'ಕೈಗಾ? ಕಣ್ಗಾ?' ಡೈರಿ ತೆಗೆದು ತಾರೀಖು ಹಾಕುತ್ತಿದ್ದಳು, ಮುಂದೆ ಏನೂ ಬರೆಯದೆ ಮಡಚಿಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಅತ್ತೆ ಬಂದು ಚಾಪೆಯ ತುದಿ ಹಿಡಿದೆಳೆದಳು.

"ಏಳು ಪುಟ್ಟಿ. ನಿಮ್ಮಾವನ ಕಾಲು ಊದ್ಕಂಡು ಕುಂಬಳಕಾಯಾಗದೆ. ಗದ್ದೇಲಿ ಹಲಗೆ ಹೊಡೆಯೋರಿಲ್ಲ."

ಮಾವ ಅಂಕಯ್ಯನ ಪಾದಕ್ಕೆ ಹಿಂದಿನ ದಿನ ನೇಗಿಲಿನ ಗುಳ ತಾಗಿ ಗಾಯವಾಗಿತ್ತು. ಉಳುಮೆ ಮುಗಿದಿತ್ತು, ಗದ್ದೆ ಕೆಸರಾಗಿ ನಿಂತಿತ್ತು. ಇನ್ನು ಎತ್ತಿನ ಹಿಂದೆ ಅಡ್ಡಹಲಗೆ ಕಟ್ಟಿ, ಅದರ ಮೇಲೆ ನಿಂತು ಓಡಿಸಿ, ಮಣ್ಣು ಸಮ ಮಾಡಿದರೆ ನಾಟಿ. ಸಂಜೆಗೆ ನೀರಗಂಟಿ ತೂಬು ಮುಚ್ಚಿ ಕೆಳಗಿನೂರಿಗೆ ನೀರು ತಿರುಗಿಸುತ್ತಾನೆ. ನಾಳೆ ಕೆಲಸಕ್ಕೆ ಬದಲು ಕೆಲಸವೆಂದು ಮುಯ್ಯಾಳಿಗೆ ಬರುವ ಹೆಂಗಸರು ನಾಳಿದ್ದು ಬೇರೆಯವರ ಗದ್ದೆಯಲ್ಲಿರುತ್ತಾರೆ. ಸಸಿಗೆ ಆಗಲೇ ತಿಂಗಳು ತುಂಬಿತ್ತು, ಗೆಣ್ಣು ಬಿಟ್ಟರೆ ನೆಟ್ಟ ಮೇಲೆ ತೆಂಡೆ ಒಡೆದು ಪೈರು ತುಂಬುವುದಿಲ್ಲ. ಗಂಡಸರೆಲ್ಲ ಅವರವರ ಗದ್ದೆಯಲ್ಲಿದ್ದರು. ಅತ್ತೆಗೆ ಸಸಿ ಕೀಳುವ ಕೆಲಸ.

"ನನಗೆಲ್ಲಿ ಬರುತ್ತೆ ಅತ್ತೆ? ಹೆಣ್ಣು ಏರು ಕಟ್ಟಬಾರದು ಅಂತಾರಲ್ಲ?"

"ನೇಗಿಲು ಮುಟ್ಬಾರ್ದು ಅಂದವರೆ. ಹಲಗೆ ಮುಟ್ಬಾರ್ದು ಅಂತ ಯಾವ ದೊಡ್ಡಪ್ಪನೂ ಅಂದಿಲ್ಲ. ರಜಕ್ಕೆ ಬಂದು ಗ್ವಾಡೆ ನೋಡ್ಕಂಡು ಬಿದ್ದಿದ್ದೀಯ, ಬಂದು ನೀರಾರ ನೋಡು."

ಇಲ್ಲ ಎನ್ನಲು ಬಾರದ್ದರಿಂದ ಅವಳು ಸೀರೆ ಎತ್ತಿ ಕಚ್ಚೆ ಹಾಕಿಕೊಂಡು ಹೋದಳು.

ಗದ್ದೆ ಬಿಸಿಲಿಗೆ ಹೊಳೆಯುತ್ತಿತ್ತು. ಬದುವಿನ ಮೇಲೆ ಮಾವ ಅರಿಶಿನ ಮೆತ್ತಿದ ಕಾಲು ಚಾಚಿಕೊಂಡು ಕೂತಿದ್ದ. ಕೆಂದ, ಮಾಸ ಎಂಬ ಎರಡೆತ್ತು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಾಲ ಬೀಸುತ್ತಿದ್ದವು. ಅವುಗಳ ಹಿಂದೆ ಆಳುದ್ದದ ಹಲಗೆ, ಸವೆದು ಸವೆದು ಹೊಸಲಿನಂತೆ ನುಣ್ಣಗಾದದ್ದು.

"ಹತ್ತವ್ವ. ಕಾಲು ಅಗಲ ಇಡು. ಮಣಕಾಲು ಬಗ್ಸು. ಈ ಕೈಲಿ ಹಗ್ಗ, ಆ ಕೈಲಿ ಮಾಸನ ಬಾಲ."

"ಬಾಲಾನಾ?"

"ಇನ್ನೇನು ಕಿವಿ ಹಿಡೀತೀಯಾ? ಹಿಡಿ, ಅವ್ನೇನೂ ಅಂದ್ಕಳಕಿಲ್ಲ."

ಅವಳು ಹತ್ತಿದಳು. ಮಾವ ಕೂಗು ಹಾಕಿದ. ಎತ್ತು ಹೆಜ್ಜೆ ಇಟ್ಟವು, ಹಲಗೆ ಅವಳ ಪಾದದ ಕೆಳಗಿನಿಂದ ಮುಂದಕ್ಕೆ ಹೋಯಿತು, ಅವಳು ಹಿಂದೆಯೇ ಉಳಿದಳು. ಕೆಸರು ಮೆತ್ತಗಿತ್ತು. ಎದ್ದಾಗ ಕಣ್ಣಿನ ರೆಪ್ಪೆಯವರೆಗೂ ಮಣ್ಣು.

ಎರಡನೆಯ ಸಲ ಮುಂದಕ್ಕೆ ಬಿದ್ದಳು. ಮೂರನೆಯ ಸಲ ನಾಲ್ಕು ಮಾರು ಹೋಗಿ ಪಕ್ಕಕ್ಕೆ ಬಿದ್ದಳು. ಮಾಸ ತಿರುಗಿ ನೋಡಿದ.

"ಕಾಲ ನೋಡ್ಕಬ್ಯಾಡ ಕಣೆ! ಕಾಲೆಲ್ಲೂ ಓಗಕಿಲ್ಲ. ಎತ್ತಿನ ಕೊಂಬಿನ ನಡುವೆ ನೋಡು" ಎಂದು ಮಾವ ಕೂಗಿದ.

ಕೊಂಬಿನ ನಡುವೆ ನೋಡಿದಳು. ಅಲ್ಲಿ ದೂರದ ತೆಂಗು ಕಾಣಿಸಿತು. ಹಲಗೆ ಜಾರಿತು, ನೀರು ಎರಡೂ ಕಡೆ ಸೀಳಿಕೊಂಡು ಹೋಯಿತು. ಗದ್ದೆಯ ಆ ಕೊನೆಯವರೆಗೂ ನಿಂತೇ ಹೋದಳು. ಯಾರೋ ತನ್ನನ್ನು ಎತ್ತಿಕೊಂಡು ಹೋದ ಹಾಗೆ, ತಾನು ಏನೂ ಮಾಡಬೇಕಾಗಿಲ್ಲದ ಹಾಗೆ. ಎರಡೂ ಕೈ ಕೆಸರು. ಈ ಕೈಗೆ ಯಾರೂ ಕಾಗದ ಕೊಡಲಾರರು ಎಂಬ ಯೋಚನೆ ಬಂದು, ಆರು ದಿನದಲ್ಲಿ ಮೊದಲನೆಯ ಬಾರಿ ಎದೆ ಸಡಿಲವಾಯಿತು.

ಆದರೆ ಮಾವ ತಲೆ ಅಲ್ಲಾಡಿಸಿದ.

"ನಿಲ್ಲೋದು ಕಲ್ತೆ. ಕೆಲ್ಸ ಆಗ್ನಿಲ್ಲ. ಹಿಂದೆ ನೋಡು."

ಹಿಂದೆ ಮಣ್ಣಿನ ಉಬ್ಬುಗಳು ಇದ್ದಲ್ಲೇ ಇದ್ದವು. ಹಲಗೆ ಅವುಗಳ ತಲೆ ಸವರಿಕೊಂಡು ತೇಲಿ ಬಂದಿತ್ತು.

"ನಿನ್ಗೆ ಭಾರ ಸಾಲ್ದು. ಉಣ್ಣು ಅಂದ್ರೆ ಉಣ್ಣಕಿಲ್ಲ. ಎಲ್ಲಿ ನೀರು ತೆಳ್ಳಗದೆ, ಅಲ್ಲಿ ಮಣ್ಣು ಉಬ್ಕಂಡದೆ ಅಂತ. ಅಲ್ಲಿ ಹಲಗೆ ಅದುಮಿ ಮಣ್ಣು ಎಳ್ಕಬೇಕು. ಎಲ್ಲಿ ನೀರು ಆಳ ನಿಂತದೆ, ಅಲ್ಲಿ ಹಗುರಾಗಿ ಬುಟ್ಟು ಬುಡಬೇಕು. ಭಾರಕ್ಕೆ ಅಂತ ಕಲ್ಲಿಟ್ರೆ ಅದು ಕುಂತೇ ಇರ್ತದೆ, ಏಳಕಿಲ್ಲವಲ್ಲ!"

"ಏಳೋ ಕಲ್ಲು ಬೇಕಾ ಅಂಕಣ್ಣ? ನಾನಿದ್ದೀನಲ್ಲ."

ಬದುವಿನ ಮೇಲೆ ಆಮಿನಾಬಿ ನಿಂತಿದ್ದಳು. ಪಾತ್ರೆಗೆ ಕಲಾಯಿ ಹಾಕುವವರ ಮನೆಯ ಹೆಂಗಸು, ಅರವತ್ತು ದಾಟಿದವಳು, ಅಗಲವಾಗಿ ಸೊಂಪಾಗಿದ್ದಳು. ಗಂಡ ಸತ್ತ ಮೇಲೆ ತಾನೇ ತಿದಿ ಒತ್ತಿ ಊರಿನ ತಪ್ಪಲೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದಳು. ಅವಳ ಕಂಕುಳಲ್ಲಿ ಒಂದು ಬಟ್ಟೆಯ ಗಂಟು, ಗಂಟಿನಿಂದ ಹೊರಗೆ ಕಂದು ಲಕೋಟೆಯ ಒಂದು ಮೂಲೆ.

ಪುಟ್ಟಸಿದ್ದಮ್ಮ ಅದನ್ನು ನೋಡಿದಳು. ತಕ್ಷಣ ಎತ್ತಿನ ಕಡೆ ತಿರುಗಿದಳು. ಆಮಿನಾಬಿಯ ಮಗ ನಸೀರ್ ಪಟಾಲಮ್ಮಿನಲ್ಲಿ ಲಾರಿ ಓಡಿಸುತ್ತಾನೆ ಎಂದು ಅತ್ತೆ ಹೇಳಿದ್ದಳು.

ಆಮಿನಾಬಿ ಕಾಗದದ ಮಾತೇ ಎತ್ತಲಿಲ್ಲ. ಗಂಟನ್ನು ಮಾವನ ಪಕ್ಕದಲ್ಲಿಟ್ಟು, ಮೇಲೊಂದು ಕಲ್ಲು ಹೇರಿ, ಸೀರೆ ಎತ್ತಿಕೊಂಡು ಕೆಸರಿಗಿಳಿದು ಬಂದು, "ಯಾ ಅಲ್ಲಾ" ಎನ್ನುತ್ತ ಹಲಗೆಯ ಮೇಲೆ ಕೂತುಬಿಟ್ಟಳು. ಹಲಗೆ ಬುಸ್ಸೆಂದು ಅರ್ಧ ಮುಳುಗಿತು.

"ಎತ್ತು ಶಾಪ ಹಾಕ್ತವೆ ಬೂಬಮ್ಮ" ಎಂದು ಮಾವ ನಕ್ಕ.

"ಹಾಕ್ಲಿ ಬುಡು. ಇಷ್ಟು ದಿನ ನನ್ ಸೊಸೆ ಹಾಕ್ತಿದ್ಲು. ನಡಿ ಟೀಚರಮ್ಮ, ನಿನ್ ಗಾಡಿ ಬುಡು."

ಪುಟ್ಟಸಿದ್ದಮ್ಮ ಅವಳ ಹಿಂದೆ ಕಾಲೂರಿ ನಿಂತಳು. ಹಲಗೆ ಹೊರಟಿತು. ಈಗ ಮಣ್ಣು ಎದುರಿಗೆ ರಾಶಿಯಾಗಿ ಉರುಳಿಕೊಂಡು ಬಂತು, ಎತ್ತುಗಳ ಕುತ್ತಿಗೆ ಬಗ್ಗಿತು.

"ಆಳ ಬಂತು, ಹಗುರ, ಹಗುರ!" ಮಾವ ಕೂಗಿದ.

"ಬೂಬಮ್ಮ, ಸ್ವಲ್ಪ ಏಳಿ" ಎಂದಳು ಪುಟ್ಟಸಿದ್ದಮ್ಮ.

"ಆಂ? ಏನಂದೆ?"

"ಏಳಿ ಅಂದೆ!"

ಆಮಿನಾಬಿ ಎತ್ತಿನ ಹಗ್ಗ ಹಿಡಿದು ಕುಂಡೆ ಎತ್ತಿದಳು. ಹೊತ್ತು ತಂದ ಮಣ್ಣು ಹಲಗೆಯ ಅಡಿಯಿಂದ ಹಳ್ಳಕ್ಕೆ ಜಾರಿತು.

"ಕೂರಿ!" ಕೂತಳು. "ಏಳಿ!" ಎದ್ದಳು. ನಾಲ್ಕನೆಯ ಸುತ್ತಿಗೆ 'ಏಳಿ' ಹೋಗಿ 'ಏಳು' ಆಯಿತು. ಆರನೆಯ ಸುತ್ತಿಗೆ ಕಾಲುವೆಯ ಆಚೆ ಗದ್ದೆಯಲ್ಲಿದ್ದ ಕಂಠಪ್ಪನೂ ತಲೆ ಎತ್ತಿ ನೋಡುವಷ್ಟು ಗಟ್ಟಿಯಾಗಿ ಕೂಗುತ್ತಿದ್ದಳು.

"ಇಸ್ಕೂಲಲ್ಲೂ ಇಂಗೇ ಏಳು ಕೂರು ಅಂತಾಳಾ ಇವ್ಳು? ಆ ಮಕ್ಕಳ ಮಣಕಾಲು ಏನಾಗ್ಬೇಡ!" ಎಂದಳು ಆಮಿನಾಬಿ.

ಎಂಟನೆಯ ಸುತ್ತಿನಲ್ಲಿ ಇಬ್ಬರೂ ಒಟ್ಟಿಗೆ ಮಗುಚಿಕೊಂಡರು. ಬದುವಿನ ಮೇಲೆ ಮಾವ ಕಾಲು ನೋವನ್ನೂ ಮರೆತು ಬಿದ್ದು ಬಿದ್ದು ನಕ್ಕ. ಆಮಿನಾಬಿಯನ್ನು ಎಬ್ಬಿಸಲು ಪುಟ್ಟಸಿದ್ದಮ್ಮ ಎರಡೂ ಕೈ ಕೊಟ್ಟು ಎಳೆದಳು. ಎದ್ದ ಮುದುಕಿ ಮೈಯ ಕೆಸರಿಗಿಂತ ಮೊದಲು ಬದುವಿನ ಮೇಲಿನ ಗಂಟಿನ ಕಡೆ ನೋಡಿದಳು.

ಆಮೇಲೆ ನಗು ಬರಲಿಲ್ಲ. ಸುತ್ತಿನ ಮೇಲೆ ಸುತ್ತು. ತೊಡೆ ಕಲ್ಲಾಯಿತು, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಬಿಸಿಲು ಇಳಿದ ಹಾಗೆಲ್ಲ ಎತ್ತುಗಳೂ ನಿಧಾನವಾದವು. ಕೂಗುವ ಶಕ್ತಿ ಹೋಗಿ ಅವಳು ಸುಮ್ಮನೆ ಆಮಿನಾಬಿಯ ಹೆಗಲು ಮುಟ್ಟುತ್ತಿದ್ದಳು. ಒಮ್ಮೆ ಮುಟ್ಟಿದರೆ ಏಳುವುದು, ಇನ್ನೊಮ್ಮೆ ಮುಟ್ಟಿದರೆ ಕೂರುವುದು. ಹೆಗಲು ಮುಟ್ಟುವಾಗಲೆಲ್ಲ ಆ ಕಲ್ಲಿನ ಕೆಳಗಿನ ಗಂಟು ನೆನಪಾಗುತ್ತಿತ್ತು. ಗದ್ದೆ ಮುಗಿಯದೆ ಇರಲಿ ಎಂದು ಒಂದು ಮನಸ್ಸು, ಈಗಲೇ ಮುಗಿಯಲಿ, ಬಿದ್ದುಕೊಳ್ಳುತ್ತೇನೆ ಎಂದು ಇನ್ನೊಂದು ಮನಸ್ಸು.

ಹೊತ್ತು ಮುಳುಗುವ ಮುಂಚೆ ನೀರಗಂಟಿ ಬಂದು ತೂಬು ಮುಚ್ಚಿದ. ಗದ್ದೆ ತುಂಬ ನೀರು ಒಂದೇ ಸಮ ನಿಂತಿತ್ತು. ಈಶಾನ್ಯದ ಮೂಲೆಯಲ್ಲಿ ಮಾತ್ರ ಒಂದು ಮೊರದಗಲ ಮಣ್ಣು ತಲೆ ಹಾಕಿತ್ತು.

"ಇರ್ಲಿ ಬುಡು, ಅಷ್ಟು ಕೈಲೇ ಎಳೆದಾರು. ನಾಳೆ ನಾಟಿ ಆಯ್ತದೆ" ಎಂದ ಮಾವ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಬರುವುದಿಲ್ಲ.

ಇಬ್ಬರು ಹೆಂಗಸರೂ ಕಾಲುವೆಯಲ್ಲಿ ಮೈ ತೊಳೆದುಕೊಂಡರು. ಆಮಿನಾಬಿ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು, "ಬತ್ತೀನಿ ಅಂಕಣ್ಣ. ಬತ್ತೀನಿ ಕಣ್ ಮಗಾ, ಉಂಡು ಮಲ್ಗು" ಎಂದು ಬದುವಿನ ಮೇಲೆ ಹೊರಟೇಬಿಟ್ಟಳು.

ಓದು ಎಂದು ಕೇಳಲೇ ಇಲ್ಲ. ಹತ್ತು ಹೆಜ್ಜೆ ಹೋದಳು, ಹದಿನೈದು ಹೆಜ್ಜೆ ಹೋದಳು. ಸುಮ್ಮನಿದ್ದರೆ ಆಯಿತು. ಪುಟ್ಟಸಿದ್ದಮ್ಮನಿಗೆ ಬಾಯಿ ತೆರೆಯುವಷ್ಟೂ ತ್ರಾಣವಿರಲಿಲ್ಲ. ಆದರೆ ಮಧ್ಯಾಹ್ನವೆಲ್ಲ ತನ್ನ ಒಂದೊಂದು ಮಾತಿಗೂ ಎದ್ದು ಕೂತ ಆ ಬೆನ್ನು ಸ್ವಲ್ಪ ಓರೆಯಾಗಿ, ಕಾಲೆಳೆದುಕೊಂಡು ಹೋಗುತ್ತಿತ್ತು.

"ಬೂಬಮ್ಮ, ಅದು ಯಾವತ್ತು ಬಂತು?"

ಆಮಿನಾಬಿ ನಿಂತಳು. ತಿರುಗಲಿಲ್ಲ. "ಸ್ವಾಮ್ವಾರ."

"ಇವತ್ತು ಶನಿವಾರ."

"ಊಂ. ದಿನಾ ನಿಮ್ಮ ಜಗುಲಿ ಗಂಟ ಬತ್ತಿದ್ದೆ. ಉಸಾರಿಲ್ಲ ಅನ್ನೋರು. ಸದ್ಯ ಅಂದ್ಕಂಡು ವಾಪಸ್ ಓಗ್ತಿದ್ದೆ." ಈಗ ತಿರುಗಿದಳು. "ಕೆಂಪಾಜಿದೂ ಇದೇ ಬಣ್ಣ ಇತ್ತಂತಲ್ಲ?"

ಪುಟ್ಟಸಿದ್ದಮ್ಮ ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ. "ಇದೇ ಬಣ್ಣ" ಎಂದಳು. ಕೈ ಚಾಚಿದಳು.

ಬೊಬ್ಬೆ ಒಡೆದ ಬೆರಳಿಗೆ ಲಕೋಟೆ ಹರಿಯಲು ಬರಲಿಲ್ಲ, ಹಲ್ಲಿನಲ್ಲಿ ಹರಿದಳು. ಅದೇ ಟೈಪಿನ ಅಕ್ಷರ, ಅದೇ ಮೊಹರು. ಆಮಿನಾಬಿ ಕಾಗದ ನೋಡಲಿಲ್ಲ. ಅವಳ ಬಾಯನ್ನೇ ನೋಡುತ್ತ ನಿಂತಳು. ಪುಟ್ಟಸಿದ್ದಮ್ಮ ಮನಸ್ಸಿನಲ್ಲಿ ಒಮ್ಮೆ ಓದಿ, ನಂಬದೆ ಇನ್ನೊಮ್ಮೆ ಓದಿದಳು.

"ಬಾಯಿ ತೆಗಿ ತಾಯಿ" ಎಂದಳು ಆಮಿನಾಬಿ, ಬಲು ಮೆತ್ತಗೆ.

"ನಸೀರನ ಪಟಾಲಂ ಬದಲಾಗಿದೆ ಬೂಬಮ್ಮ. ಇನ್ನು ಮೇಲೆ ಅವನಿಗೆ ಕಾಗದ ಹಾಕಬೇಕಾದರೆ ಹೊಸ ನಂಬರಿಗೆ ಹಾಕಬೇಕಂತೆ. ನಂಬರು ಕೊಟ್ಟಿದ್ದಾರೆ."

"ಆಮ್ಯಾಕೆ?"

"ಅಷ್ಟೇ."

"ಅಷ್ಟೇಯಾ?"

"ಅಷ್ಟೇ."

ಆಮಿನಾಬಿ ಬದುವಿನ ಮೇಲೆ ಕೂತಳು. "ಕಾಗದ ಬರಿ ಅಂತ ಏಳಕ್ಕೆ ಇಷ್ಟು ದೊಡ್ಡ ಇಂಗ್ಲೀಸು! ಈ ಸರ್ಕಾರದ ಕೈ ಸೇದೋಗ. ಐದು ದಿನದಿಂದ ತುತ್ತು ಇಳೀನಿಲ್ಲ ನಂಗೆ." ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು, "ತಾರೀಕು ಯಾವ್ದು ಆಕವರೆ?"

"ಹೋದ ತಿಂಗಳು ಎಂಟು."

"ಎಂಟ್ನೇ ತಾರೀಕ್ಗೆ ಇದ್ದ ಅಂತಾಯ್ತು."

"ಇದ್ದ."

"ಆಮ್ಯಾಲಿಂದು ಯಾರ್ಗೂ ಗೊತ್ತಿಲ್ಲ."

ಪುಟ್ಟಸಿದ್ದಮ್ಮ ಕಾಗದದ ಮೇಲಿನ ತಾರೀಖನ್ನು ಇನ್ನೊಮ್ಮೆ ನೋಡಿದಳು.

"ಸರಿ, ಎಂಟ್ರ ಗಂಟ ಇದ್ನಲ್ಲ. ಇವತ್ಗೆ ಸಾಕು" ಎಂದು ಆಮಿನಾಬಿ ಎದ್ದಳು. "ನಂಬ್ರು ಇನ್ನೊಂದ್ಸಲ ಏಳು."

ಹೇಳಿದಳು. ಮೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡಳು. "ಉತ್ರ ಈಗ್ಲೇ ಬರೀತೀಯಾ ಮಗಾ?"

ಪುಟ್ಟಸಿದ್ದಮ್ಮ ತನ್ನ ಅಂಗೈ ತಿರುಗಿಸಿ ತೋರಿಸಿದಳು. "ಈಗ ಆಗಲ್ಲ ಬೂಬಮ್ಮ. ನಾಳೆ ಬಾ."

ಯಾರಿಗಾದರೂ ಎದುರಿಗೆ ನಿಂತು 'ಆಗಲ್ಲ' ಎಂದದ್ದು ಅದೇ ಮೊದಲು. ಆಮಿನಾಬಿ ಅದೇನು ದೊಡ್ಡದೆಂದು ಎಣಿಸದೆ, "ಆಯ್ತು" ಎಂದು, ನಂಬರನ್ನು ಜಪದ ಹಾಗೆ ಹೇಳಿಕೊಳ್ಳುತ್ತ ಬದುವಿನ ಮೇಲೆ ಹೋದಳು.

ಸಸಿಯ ಕಟ್ಟು ಹೊತ್ತು ಬಂದ ಅತ್ತೆ ಎಲ್ಲವನ್ನೂ ದೂರದಿಂದ ನೋಡಿದ್ದಳು. "ಬಾಗಿಲು ಮತ್ತೆ ತೆಗ್ದಂಗಾಯ್ತು ಕಣೆ. ನಾಳೆ ಊರೇ ಬತ್ತದೆ" ಎಂದಳು.

"ಬರಲಿ ಅತ್ತೆ. ಬೆಳಿಗ್ಗೆ ಮಾತ್ರ ಓದ್ತೀನಿ. ಮಧ್ಯಾಹ್ನ ಮಲಗ್ತೀನಿ, ಹಾಗಂತ ಹೇಳಿಬಿಡಿ."

"ಕಂದು ಬಣ್ಣದ್ದು ಬಂದ್ರೆ?"

ಪುಟ್ಟಸಿದ್ದಮ್ಮ ಬದುವಿನ ಮೇಲೆ ಕೂತು ಬೊಬ್ಬೆ ಒಡೆದ ಅಂಗೈಯನ್ನು ನೋಡಿಕೊಂಡಳು. "ಅದನ್ನೂ ಬೆಳಿಗ್ಗೇನೇ ತರೋಕೆ ಹೇಳಿ."

ಎದ್ದು ನಿಲ್ಲಲು ಹೋದಳು. 'ಏಳು' ಎಂದು ತನಗೆ ತಾನೇ ಹೇಳಿಕೊಂಡಳು, ಏಳಲಾಗದೆ ಮತ್ತೆ ಅಲ್ಲೇ ಕೂತಳು.