ಕಂಬಾನೇ ಪಕ್ಕಕ್ಕೆ ಸರೀತು

ರೇಡಿಯೊದಲ್ಲಿ ಹಾಕಿ ಆಟದ ಕಾಮೆಂಟ್ರಿ ಹೇಳುವವರು ಇಬ್ಬರಿರುತ್ತಾರೆ. ಒಬ್ಬನು ಚೆಂಡಿನ ಹಿಂದೆಯೇ ಓಡುತ್ತಾನೆ: ಯಾರ ಸ್ಟಿಕ್ಕಿನಿಂದ ಯಾರ ಸ್ಟಿಕ್ಕಿಗೆ ಹೋಯಿತು, ಯಾರು ಬಿದ್ದರು, ಯಾರು ಎದ್ದರು. ಇನ್ನೊಬ್ಬನು ಅವನು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಬಾಯಿ ಹಾಕುತ್ತಾನೆ: ಯಾಕೆ ಹೋಯಿತು, ಯಾಕೆ ಬಿದ್ದರು. ಮೊದಲನೆಯವನಿಗೆ ಗಂಟಲಿರಬೇಕು, ಎರಡನೆಯವನಿಗೆ ಆಟ ಗೊತ್ತಿರಬೇಕು. ಹಾಗಂತ ಹೇಳುತ್ತಾರೆ ಅಷ್ಟೆ. ಕೇಳುವ ಜನಕ್ಕೆ ಬೇಕಾಗಿರುವುದೇ ಬೇರೆ.

ಗಂಟಲಿದ್ದವನಿಗೆ ಕಂಚು ಎಂದು ಹೆಸರು. ಕಂಚಿನ ಕಂಠ ಎಂದು ಯಾರೋ ಹೊಗಳಿದ್ದು ಜನರ ಬಾಯಲ್ಲಿ ಸವೆದು ಅಷ್ಟಕ್ಕೆ ನಿಂತಿತ್ತು. ಆಟ ಗೊತ್ತಿದ್ದವನಿಗೆ ಕಂಬ ಎಂದು ಹೆಸರು. ಇದೇನೂ ಹೊಗಳಿಕೆಯಲ್ಲ. ಹಿಂದೊಮ್ಮೆ ಅವನು ದೊಡ್ಡ ತಂಡದಲ್ಲಿ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಒಂದು ಫೈನಲ್‌ನಲ್ಲಿ ಕೊನೇ ಗಳಿಗೆಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ, ಚೆಂಡು ಕಾಲ ಬುಡದಲ್ಲಿ, ಮಧ್ಯೆ ಅಡ್ಡ ಬರುವವರು ಯಾರೂ ಇಲ್ಲ. ಅವನು ಹೊಡೆದ ಚೆಂಡು ಗೋಲಿನ ಕಂಬಕ್ಕೆ ಠಣ್ ಎಂದು ಬಡಿದು ವಾಪಸು ಬಂತು. ಅಲ್ಲಿಂದ ಮುಂದೆ ಅವನ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಬೇಕಾಗಲಿಲ್ಲ.

ಆಟ ಬಿಟ್ಟ ಮೇಲೆ ಹಾಕಿಗೆ ಹತ್ತಿರ ಇರುವುದಕ್ಕೆ ಅವನಿಗೆ ಉಳಿದಿದ್ದು ಈ ಕಾಮೆಂಟ್ರಿಯ ಕುರ್ಚಿಯೊಂದೇ. ಸ್ಟೇಡಿಯಮ್ಮಿನ ಮೇಲ್ತುದಿಯಲ್ಲಿ ಡಬ್ಬಿಯಂಥ ಕೋಣೆ. ಎದುರಿಗೆ ಗಾಜು, ಕಂಚು ಕೂಗಿ ಕೂಗಿ ಎಂಜಲು ಹಾರಿದ ಗುರುತುಗಳು ಅದರ ಮೇಲೆ. ಪಕ್ಕದಲ್ಲೊಂದು ಪರದೆ, ಆಟ ಕೇಳುತ್ತಿರುವ ಅಭಿಮಾನಿಗಳು ಬರೆದದ್ದೆಲ್ಲ ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿರುತ್ತದೆ. ಅಯ್ಯೋ ಆ ಪರದೆ! ಅದನ್ನು ಕಂಡುಹಿಡಿದ ಪುಣ್ಯಾತ್ಮನನ್ನು ಅದರ ಮುಂದೆಯೇ ಒಂದು ವರ್ಷ ಕೂರಿಸಬೇಕು.

ಮೊದಮೊದಲು ಕಂಬ ಆಟವನ್ನೇ ಹೇಳುತ್ತಿದ್ದ. ಗೋಲ್‌ಕೀಪರನ ಭಾರ ಯಾವ ಕಾಲಿನ ಮೇಲಿದೆ, ಆ ಹುಡುಗ ಪಾಸ್ ಕೊಡುವ ಮೊದಲು ಯಾಕೆ ತಲೆ ಎತ್ತಲಿಲ್ಲ, ಎಲ್ಲ. ಪರದೆಯ ಮೇಲೆ ಜನ ಬರೆದರು: "ಯಾರ್ರೀ ಇವನು ಮೇಷ್ಟ್ರು?" "ನಿದ್ದೆ ಬರದೇ ಇರೋರು ಇವನನ್ನ ಕೇಳಿ." "ಕಂಚು ಒಬ್ಬನೇ ಸಾಕು, ಈ ಗೊಣಗು ಯಾಕೆ?" ಮನೆಗೆ ಹೋಗಿ ಅವನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ.

ಒಂದು ದಿನ ಸಪ್ಪೆ ಆಟ. ಅಂಥದ್ದರಲ್ಲಿ ಒಂದು ಪೆನಾಲ್ಟಿ ಸ್ಟ್ರೋಕ್ ಬಂತು. ಕಂಚು ಮೈಕಿನಲ್ಲೇ ಕೇಳಿಬಿಟ್ಟ: "ಏನು ಕಂಬಣ್ಣಾ, ಈ ವಿಷಯದಲ್ಲಿ ನಿನ್ನಷ್ಟು ಅನುಭವ ಯಾರಿಗಿದೆ? ಹೇಳು ನೋಡೋಣ!" ಕಂಬನ ಕಿವಿ ಕಾದ ಹಂಚಾಯಿತು. ಮೈಕ್ ತೆರೆದಿತ್ತು, ಏನಾದರೂ ಹೇಳಲೇಬೇಕಿತ್ತು. ಹಲ್ಲು ಕಿರಿದು ಅಂದ: "ನಾನು ಸರಿಯಾಗೇ ಹೊಡೆದೆ ಕಣಯ್ಯಾ, ಕಂಬಾನೇ ಪಕ್ಕಕ್ಕೆ ಸರೀತು!"

ಪರದೆ ಮಳೆ ಬಂದ ಮೋರಿಯ ಹಾಗೆ ಉಕ್ಕಿತು. ನಗು, ಚಪ್ಪಾಳೆ, ಇನ್ನೊಂದು ಸಲ, ಇನ್ನೊಂದು ಸಲ. ಮುಂದಿನ ಪಂದ್ಯಕ್ಕೆ ಠಣ್ ಎಂಬ ಸದ್ದನ್ನು ಯಂತ್ರದಲ್ಲಿ ತುಂಬಿಟ್ಟುಕೊಂಡರು. ಸ್ಟ್ರೋಕ್ ಸಿಕ್ಕಿದ ಕೂಡಲೇ ಠಣ್, ಕಂಚುವಿನ ಪ್ರಶ್ನೆ, ಕಂಬನ ಉತ್ತರ. ಜನ ಆ ಮಾತನ್ನು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿಕೊಂಡರು. ಬಸ್ ಸ್ಟಾಪಿನಲ್ಲಿ ಅವನನ್ನು ಕಂಡವರು ಸೀಟಿಯ ಬದಲು ಠಣ್ ಎನ್ನುತ್ತಿದ್ದರು. ಅವನು ಆಟದ ಬಗ್ಗೆ ಹೇಳಿದ ಒಂದೇ ಒಂದು ಮಾತು ಯಾರಿಗಾದರೂ ನೆನಪಿತ್ತೇ? ಕೇಳಲೇಬೇಡಿ.

ಅವನ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂರುತ್ತಿದ್ದಳು, ಬಂದವರ ಹೆಸರು ಬರೆದು ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೆಲಸ. ಬೆಂಚಿನ ಮೇಲೆ ಕಾಯುವ ಜನ ಫೋನಿನಲ್ಲಿ ಪಂದ್ಯ ಹಾಕಿಕೊಂಡು, ನೋಯುವ ದವಡೆ ಹಿಡಿದುಕೊಂಡೇ ನಗುತ್ತಿದ್ದರು. ಆ ಕಂಬ ಅವಳ ಗಂಡ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮನ್ನ ನೋಡಿ ನಗೋರ ಹಲ್ಲು ರಿಪೇರಿ ಮಾಡಿಸೋದೇ ಆಯ್ತು ನನ್ನ ಬಾಳು," ಎಂದಳು ಒಂದು ಸಂಜೆ, ಒಗೆದ ಬಟ್ಟೆ ಮಡಿಸುತ್ತಾ. "ರೀ, ಒಂದು ಸಲ ಸುಮ್ಮನೆ ಇದ್ದುಬಿಡಿ. ಅವನು ಕೇಳಿದಾಗ ಬಾಯಿ ಬಿಡಬೇಡಿ."

"ಸುಮ್ಮನಿದ್ರೆ ಕುರ್ಚಿ ಹೋಗುತ್ತೆ ಕಣೇ."

"ಕುರ್ಚಿ ಉಳಿಸಿಕೊಂಡು ಏನು ಕಡಿದು ಗುಡ್ಡೆ ಹಾಕಿದ್ರಿ?"

ಆ ಗಾಜಿನ ಹಿಂದೆ ಕೂತರೆ ಹಸಿರು ಮೈದಾನ ಕಾಣುತ್ತದೆ, ಸ್ಟಿಕ್ಕಿಗೆ ಚೆಂಡು ತಗಲುವ ಸದ್ದು ಕೇಳುತ್ತದೆ. ಅದಿಲ್ಲದೆ ತಾನು ಯಾರು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಅಷ್ಟಕ್ಕಾಗಿ ದಿನಾ ಹಲ್ಲು ಕಿರಿಯುತ್ತಿದ್ದ.

ಆ ವರ್ಷದ ಫೈನಲ್ಲಿನ ಬೆಳಿಗ್ಗೆ ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಒಬ್ಬ ಆಟಗಾರ ಅವನಿಗಾಗಿ ಕಾದು ನಿಂತಿದ್ದ. ಅಂಗಿಯ ಬೆನ್ನ ಮೇಲೆ ಹನ್ನೊಂದು ನಂಬರು. ಹನ್ನೊಂದು ಎಂದೇ ಎಲ್ಲರೂ ಕರೆಯುತ್ತಿದ್ದ, ತಂಡವನ್ನು ಹೆಗಲ ಮೇಲೆ ಹೊತ್ತು ತಂದಿದ್ದ ಹುಡುಗ. ಇವನೂ ಠಣ್ ಎನ್ನುತ್ತಾನೇನೋ ಎಂದು ಕಂಬ ಮುಖ ಗಂಟು ಹಾಕಿಕೊಂಡ.

"ಅಣ್ಣಾ, ಸ್ಟ್ರೋಕ್ ಸಿಕ್ಕಿದ್ರೆ ನಾನೇ ಹೊಡೀಬೇಕು. ಹೇಗೆ ಹೊಡೆಯೋದು ಹೇಳಿಕೊಡಿ. ಬೇರೆ ಯಾರನ್ನ ಕೇಳೋದು ಅಂತ ಗೊತ್ತಾಗ್ಲಿಲ್ಲ."

ಎಷ್ಟೋ ವರ್ಷದ ಮೇಲೆ ಒಬ್ಬರು ಅವನನ್ನು ಆಟದ ಬಗ್ಗೆ ಕೇಳಿದ್ದರು. ಕಂಬ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟ: ಚೆಂಡಿನ ಹತ್ತಿರ ಹೋಗುವ ಮೊದಲೇ ಮೂಲೆ ಯಾವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊ, ಆಮೇಲೆ ಗೋಲ್‌ಕೀಪರನ ಮುಖ ನೋಡಲೇಬೇಡ. "ನಾನು ಅವನ ಮುಖ ನೋಡಿದೆ ಕಣೋ, ತಮ್ಮಾ. ಅದೇ ನನ್ನ ತಪ್ಪು. ಇದನ್ನ ಇಲ್ಲೀವರೆಗೂ ಯಾರಿಗೂ ಹೇಳಿಲ್ಲ." ಹುಡುಗ ಅವನ ಕೈ ಹಿಡಿದುಕೊಂಡು ಒಂದು ಗಳಿಗೆ ಬಿಡಲೇ ಇಲ್ಲ.

ಸ್ಟ್ರೋಕ್ ಸಿಕ್ಕಿಯೇ ಸಿಕ್ಕಿತು. ಹನ್ನೊಂದು ಚೆಂಡಿನ ಹತ್ತಿರ ಬಂದ. ಮೇಲಿನಿಂದ ಕಂಬ ಕಣ್ಣು ಮಿಟುಕಿಸದೆ ನೋಡುತ್ತಿದ್ದ, ಮೇಜಿನ ಕೆಳಗೆ ಅವನ ಬೆರಳುಗಳು ಇಲ್ಲದ ಸ್ಟಿಕ್ಕನ್ನು ಬಿಗಿಹಿಡಿದಿದ್ದವು. ಹುಡುಗ ತಲೆ ಎತ್ತಲಿಲ್ಲ. ಹೇಳಿದ ಹಾಗೆಯೇ ಹೊಡೆದ. ಚೆಂಡು ಮೂಲೆಗೇ ಹೋಯಿತು, ಒಂದು ಗೇಣು ಹೆಚ್ಚಾಗಿ ಹೋಯಿತು. ಗೋಲಿನ ಹೊರಗೆ ಬಿತ್ತು.

ಕಂಬಕ್ಕೆ ತಾಗದಿದ್ದರೂ ಯಂತ್ರದವನು ಠಣ್ ಒತ್ತಿಯೇ ಒತ್ತಿದ. ಕೆಳಗೆ ಹನ್ನೊಂದು ಮೊಣಕಾಲೂರಿ ಮುಖ ಮುಚ್ಚಿಕೊಂಡಿದ್ದ. ಇತ್ತ ಕಂಚು ಕುರ್ಚಿಯಿಂದ ಎದ್ದೇಬಿಟ್ಟಿದ್ದ: "ಅಬ್ಬಬ್ಬಾ! ಕಂಬಣ್ಣಾ, ನಿನಗೊಬ್ಬ ತಮ್ಮ ಹುಟ್ಟಿದ! ಏನಂತೀಯಾ? ಹೇಳಪ್ಪಾ, ಇಡೀ ಊರೇ ಕಾಯ್ತಿದೆ!"

ಕಂಬ ಬಾಯಿ ಬಿಡಲಿಲ್ಲ. ರೇಡಿಯೊದಲ್ಲಿ ಮೌನ ಎಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಬಾಗಿಲಲ್ಲಿ ನಿಂತಿದ್ದ ಪ್ರೊಡ್ಯೂಸರ್, ಕಾರ್ಯಕ್ರಮ ನಡೆಸುವ ಹೆಂಗಸು, ಎರಡೂ ಕೈ ಬೀಸಿ ಮಾತಾಡಿ, ಮಾತಾಡಿ ಎಂದು ಸನ್ನೆ ಮಾಡುತ್ತಿದ್ದಳು. ಕಂಚು ಮೇಜಿನ ಕೆಳಗೆ ಅವನ ಕಾಲು ತುಳಿದ.

"ನಗಬೇಡಿ," ಎಂದ ಕಂಬ. "ಈ ತಂಡ ಇವತ್ತು ಇಲ್ಲೀವರೆಗೆ ಬಂದಿದ್ದೇ ಆ ಹುಡುಗನಿಂದ. ಸರಿಯಾದ ಮೂಲೆ, ಸರಿಯಾದ ಹೊಡೆತ, ಒಂದು ಗೇಣು ತಪ್ಪಿತು. ಅದರಲ್ಲಿ ನಗೋದು ಏನೂ ಇಲ್ಲ. ನನ್ನದರಲ್ಲೂ ಇರಲಿಲ್ಲ. ದಯವಿಟ್ಟು ನಗಬೇಡಿ."

ಪರದೆ ಒಂದು ಗಳಿಗೆ ನಿಂತಿತು. ಒಂದೇ ಗಳಿಗೆ. ಆಮೇಲೆ ಶುರುವಾಯಿತು. "ಕಂಬಕ್ಕೆ ಏನು ಬಂತು ರೋಗ?" "ನಾವು ಮಜಾ ತಗೊಳೋಕೆ ಬಂದ್ರೆ ಉಪದೇಶ." "ಠಣ್ ಅನ್ನೋಕೆ ಆಗದಿದ್ರೆ ಎದ್ದು ಹೋಗು." ಅವನ ಮಾತು ಅಚ್ಚಾಗಿದ್ದ ಬನಿಯನ್ನು ತೊಟ್ಟ ಒಬ್ಬ ಅದನ್ನು ಬಿಚ್ಚಿ ನೆಲ ಒರೆಸುವ ಚಿತ್ರ ಹಾಕಿದ. ನಿನ್ನೆವರೆಗೆ ತಲೆ ಮೇಲೆ ಹೊತ್ತವರು ಇವರೇ ಸ್ವಾಮಿ. ಅಭಿಮಾನ ಅಂತೆ, ಅಭಿಮಾನ! ಥೂ!

ಮುಂದಿನ ವಾರ ಪ್ರೊಡ್ಯೂಸರ್ ಅವನನ್ನು ಕರೆಸಿ, ಕಾಫಿ ತರಿಸಿ, ಬಹಳ ಮೃದುವಾಗಿ ಮಾತಾಡಿದಳು. "ನಂದೇನೂ ಇಲ್ಲ ಸರ್. ಜನರ ಅಭಿಪ್ರಾಯ ನೋಡಿ. ನೀವು ಬದಲಾಗಿಬಿಟ್ರಿ ಅಂತಿದ್ದಾರೆ." ಕಂಚು ಬಾಗಿಲವರೆಗೂ ಬಂದು ಹೆಗಲ ಮೇಲೆ ಕೈ ಹಾಕಿದ. "ಒಂದು ಸಾಲು ಹೇಳಿಬಿಡೋಕೆ ನಿನಗೇನಯ್ಯಾ ಧಾಡಿ? ನಾನೇನು ನಿನ್ನ ಮೇಲಿನ ದ್ವೇಷಕ್ಕೆ ಕೇಳ್ತಿದ್ನಾ?" ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದೇ ಹೊಟ್ಟೆ ಉರಿಯುವ ವಿಷಯ.

ಮನೆಯಲ್ಲಿ ಹೆಂಡತಿ ಬಿಸಿ ಅನ್ನ ಬಡಿಸಿ ಎದುರಿಗೆ ಕೂತಳು. ಅಂದು ಅವನು ಹೊಟ್ಟೆ ತುಂಬ ಉಂಡ. ಆಮೇಲೆ ಹಾಕಿ ಸ್ಟಿಕ್ಕುಗಳ ಹಿಡಿಗೆ ಟೇಪು ಸುತ್ತಿಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಕುರ್ಚಿ ಹೋದರೂ ಹನ್ನೊಂದರ ಮಾನ ಉಳಿಸಿದೆ ಎಂಬ ಒಂದು ಸಮಾಧಾನ ಇತ್ತು. ಮನುಷ್ಯನಿಗೆ ಅಷ್ಟಿದ್ದರೆ ದಿನ ಹೋಗುತ್ತದೆ.

ಹೊಸ ಋತು ಶುರುವಾಗುವ ಹೊತ್ತಿಗೆ ಹನ್ನೊಂದರ ಫೋನ್ ಬಂತು. "ಅಣ್ಣಾ, ಮೊಣಕಾಲು ಹೋಯ್ತು. ಇನ್ನು ಆಡೋ ಹಾಗಿಲ್ಲ ಅಂದ್ರು ಡಾಕ್ಟ್ರು. ಕಾಮೆಂಟ್ರಿಗೆ ಕರೀತಿದ್ದಾರೆ. ನಿಮ್ಮ ಜಾಗಕ್ಕೆ. ನೀವು ಬೇಡ ಅಂದ್ರೆ ಹೋಗಲ್ಲ."

ಕಂಬ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟ. ಆಡಲಾಗದವನಿಗೆ ಆ ಗಾಜು ಏನು ಎಂದು ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? "ಹೋಗೋ, ಹೋಗು. ಆದ್ರೆ ಒಂದು ಮಾತು ನೆನಪಿಟ್ಟುಕೊ. ಮೊದಲನೇ ದಿನ ಕಂಚು ಕೆಣಕೇ ಕೆಣಕ್ತಾನೆ. ಅವತ್ತು ನಗಬೇಡ. ಅವತ್ತೊಂದು ದಿನ ನಗದೇ ಇದ್ರೆ ಆಮೇಲೆ ನಿನ್ನ ಮುಟ್ಟಲ್ಲ. ಅವತ್ತು ನಕ್ಕೆಯೋ, ಮುಗೀತು ನಿನ್ನ ಕಥೆ."

"ಆಣೆಗೂ ನಗಲ್ಲ ಅಣ್ಣಾ," ಎಂದ ಹುಡುಗ.

ಮೊದಲ ಪಂದ್ಯದ ಮಧ್ಯಾಹ್ನ ಕಂಬನಿಗೆ ಅಂಗಡಿಯಲ್ಲಿ ಕೈ ಓಡಲಿಲ್ಲ. ಒಬ್ಬನೇ ಕೂತು ಕೇಳುವ ಧೈರ್ಯವೂ ಇರಲಿಲ್ಲ. ಹೆಂಡತಿ ಊಟದ ಡಬ್ಬಿ ಮರೆತು ಹೋಗಿದ್ದಳು, ಅದೇ ನೆಪ ಸಾಕಾಯಿತು. ಕ್ಲಿನಿಕ್ಕಿನಲ್ಲಿ ಡಬ್ಬಿ ಅವಳ ಮೇಜಿನ ಮೇಲಿಟ್ಟು ಬೆಂಚಿನ ತುದಿಯಲ್ಲಿ ಕೂತ. ಪಕ್ಕದಲ್ಲಿ ಕೆನ್ನೆ ಊದಿದ ಗುಮಾಸ್ತನೊಬ್ಬ ಫೋನನ್ನು ತೊಡೆಯ ಮೇಲಿಟ್ಟು ಪಂದ್ಯ ಕೇಳುತ್ತಿದ್ದ. ಹನ್ನೊಂದರ ದನಿ ಬರುತ್ತಿತ್ತು, ಹೆದರಿದ ದನಿ, ಆದರೆ ಆಟವನ್ನು ಸರಿಯಾಗಿ ಹೇಳುತ್ತಿದ್ದ. "ಇವನೂ ಶುರು ಹಚ್ಕೊಂಡ ಪಾಠ," ಎಂದು ಗೊಣಗಿದ ಗುಮಾಸ್ತ.

ಕಂಬ ಒಳಗೊಳಗೇ ಹುಡುಗನ ಬೆನ್ನು ತಟ್ಟಿದ. ಹಾಗೇ ಇರು, ಹಾಗೇ ಇರು.

ಅಷ್ಟರಲ್ಲಿ ಸ್ಟ್ರೋಕ್ ಬಂತು. ಠಣ್. "ಏನಪ್ಪಾ ಹನ್ನೊಂದು," ಎಂದು ಕಂಚು ರಾಗ ಎಳೆದ, "ಕಂಬಕ್ಕಾದ್ರೂ ತಗಲಿಸಿದ್ದ ಹಳಬ. ನೀನು ಅದನ್ನೂ ಬಿಟ್ಟು ಆಚೆ ಹೊಡೆದೆಯಲ್ಲೋ! ಯಾಕೆ?"

ಹೆಂಡತಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಕಂಬ ಬೆಂಚಿನ ಅಂಚನ್ನು ಬಿಗಿಹಿಡಿದ. ಬೇಡ ಕಣೋ, ನಗಬೇಡ, ತಮ್ಮಾ.

ಫೋನಿನಿಂದ ಒಂದು ಸಣ್ಣ ನಗು ಬಂತು, ಆಮೇಲೆ ಮಾತು: "ನನಗೆ ಸ್ಟ್ರೋಕ್ ಹೊಡೆಯೋದು ಹೇಳಿಕೊಟ್ಟಿದ್ದೇ ಕಂಬಣ್ಣ ಅಲ್ವಾ ಸರ್! ಇನ್ನೇನಾಗುತ್ತೆ?"

ಬೆಂಚಿಗೆ ಬೆಂಚೇ ನಕ್ಕಿತು. ಗುಮಾಸ್ತನಿಗೆ ನೋವಿಗೂ ನಗುವಿಗೂ ಒಟ್ಟಿಗೇ ಕಣ್ಣಲ್ಲಿ ನೀರು ಬಂತು. "ಅಯ್ಯಯ್ಯೋ, ಹಳೇ ಕಂಬಕ್ಕಿಂತ ಈ ಹುಡುಗ ಎಷ್ಟೋ ವಾಸಿ ಕಣ್ರೀ!" ಎಂದು ಕಂಬನ ತೊಡೆ ತಟ್ಟಿದ. "ಏನಂತೀರಿ?"

ಬಾಯಿ ಬಿಟ್ಟರೆ ದನಿಯ ಗುರುತು ಸಿಗುತ್ತಿತ್ತು. ಕಂಬ ಹೌದು ಎಂದು ತಲೆ ಆಡಿಸಿದ. ಅಷ್ಟು ವರ್ಷದ ಅಭ್ಯಾಸ, ಮುಖ ಅವನ ಮಾತು ಕೇಳಲಿಲ್ಲ. ತಾನಾಗಿಯೇ ಹಲ್ಲು ಕಿರಿದುಕೊಂಡಿತು.

ಹೆಂಡತಿ ಗುಮಾಸ್ತನನ್ನು ಒಳಗೆ ಕಳಿಸಿದಳು. ಮೇಜು ಸುತ್ತಿ ಬಂದು ಅವನ ಪಕ್ಕದಲ್ಲಿ, ಬೆಂಚಿನ ಮೇಲೆ ಕೂತಳು. ಅವನ ಮುಖ ಇನ್ನೂ ಹಾಗೆಯೇ ಇತ್ತು.

"ಇಲ್ಲಿ ಮೈಕ್ ಇಲ್ಲ ರೀ," ಎಂದಳು ಮೆಲ್ಲಗೆ. "ನಗಬೇಡಿ."