ಗೊಬ್ಬರದ ಡಬ್ಬದಲ್ಲಿ ಎಡತೋಳು

ಬಾಡಿಗೆ ಮನೆಯ ಒಡತಿಯ ಅಂಗಿಗೆ ಬಲತೋಳಿತ್ತು, ಎಡತೋಳಿರಲಿಲ್ಲ. ತೊಟ್ಟು ನೋಡಲು ಅವರು ಸಂಜೆಯೇ ಬರುವವರಿದ್ದರು.

ದರ್ಜಿ ಹೊಲಿಗೆ ಯಂತ್ರದ ಕೆಳಗೆ ಹುಡುಕಿದ, ಮಂಚದ ಕೆಳಗೆ ಹುಡುಕಿದ. ಒಂದೇ ಕೋಣೆಯ ಮನೆ. ವಸ್ತು ಕಳೆದುಹೋಗುವುದಕ್ಕೂ ಜಾಗ ಬೇಕಲ್ಲ.

"ಏನೇ, ನೀಲಿ ಹೂವಿನ ಬಟ್ಟೆ ಕಂಡ್ಯಾ?"

ಬಾಲ್ಕನಿಯಲ್ಲಿ ಟೊಮ್ಯಾಟೊ ಸಸಿಗಳ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಹತ್ತಿ ಬುಟ್ಟೀಲಿ ಇದ್ದಿದ್ದಾ? ಚಳಿ ಬಿಡೋಕೆ ಮುಂಚೇನೇ ಡಬ್ಬಕ್ಕೆ ಹೋಯ್ತಲ್ಲ."

ಡಬ್ಬವೆಂದರೆ ಗೊಬ್ಬರದ ಡಬ್ಬ. ತರಕಾರಿ ಸಿಪ್ಪೆಗೆ ಒಣದೇನಾದರೂ ಬೆರೆಸದಿದ್ದರೆ ನಾರುತ್ತದೆ. ಉಳಿದವರು ತರಗೆಲೆ ಹಾಕುತ್ತಾರೆ; ಮೂರನೇ ಮಹಡಿಗೆ ತರಗೆಲೆ ಎಲ್ಲಿಂದ ಬರಬೇಕು? ಹೀಗಾಗಿ ದರ್ಜಿ ಕತ್ತರಿಸಿ ಉಳಿದ ಹತ್ತಿಯ ಚೂರು ಬುಟ್ಟಿಗೆ, ಬುಟ್ಟಿಯಿಂದ ಡಬ್ಬಕ್ಕೆ. ನೈಲಾನ್ ಜಾತಿಯದ್ದೆಲ್ಲ ಬೇರೆ ಚೀಲಕ್ಕೆ. ಅನುಮಾನ ಬಂದರೆ ಒಂದು ಎಳೆ ಸುಟ್ಟು ನೋಡುವುದು: ಬೂದಿಯಾದರೆ ಹತ್ತಿ, ಕರಗಿ ಗಂಟಾದರೆ ಅಲ್ಲ. ಒಡತಿಯ ಬಟ್ಟೆಯನ್ನು ಮಾತ್ರ ಸುಟ್ಟಿರಲಿಲ್ಲ. "ನಮ್ಮಮ್ಮ ಎತ್ತಿಟ್ಟಿದ್ದ ಶುದ್ಧ ಹತ್ತಿ" ಎಂದು ಅವರು ಹೇಳಿದ ಮೇಲೆ, ಅವರದೇ ಸೂರಿನಡಿ ಕೂತು ಕಡ್ಡಿ ಗೀರುವುದುಂಟೆ?

"ಕತ್ತರಿಸಿದ ದಿನಾನೇ ಹೊಲಿದಿದ್ರೆ?" ಎಂದಳು ಹೆಂಡತಿ. "ನಿಮ್ಮ 'ನಾಳೆ' ಬರೋದ್ರೊಳಗೆ ನನ್ನ ಬೀಜ ಸಸಿಯಾಯ್ತು."

"ತೋಳು ಅಂತ ನೋಡ್ದೆ ಸುರಿದೋಳು ನೀನು."

"ಬುಟ್ಟಿಗೆ ಬೀಳಿಸಿದ್ದು ಯಾರು? ಟೇಪು ಹಿಡ್ಕೊಂಡು ಗೊಬ್ಬರ ಮಾಡ್ಲಾ ನಾನು?"

ಜಗಳಕ್ಕೆ ಹೊತ್ತಿರಲಿಲ್ಲ. ಎದುರುಮನೆಯವರನ್ನು ಒಡತಿ ಖಾಲಿ ಮಾಡಿಸಿದ್ದು ಒಂದು ಒಡೆದ ಹೂಕುಂಡಕ್ಕೆ. ಇದು ಸತ್ತ ತಾಯಿಯ ಬಟ್ಟೆ; ಇನ್ನೊಂದು ತೋಳಿಗಾಗುವಷ್ಟು ಉಳಿದಿರಲಿಲ್ಲ.

ಸಸಿಗಳನ್ನು ಸರಿಸಿ, ಹಳೇ ಪತ್ರಿಕೆ ಹಾಸಿ ಡಬ್ಬ ಬೋರಲು ಹಾಕಿದರು. ಕಪ್ಪಗೆ, ಬೆಚ್ಚಗೆ ಗೊಬ್ಬರ ಸುರಿಯಿತು. ಪಟ್ಟೆ ಬಟ್ಟೆಯ ಒಂದು ಚೂರು ಸಿಕ್ಕಿತು, ಮುಟ್ಟಿದ್ದೇ ಪುಡಿಯಾಯಿತು.

"ಹತ್ತಿ" ಎಂದಳು ಹೆಂಡತಿ, ಮೆಲ್ಲಗೆ.

ಹಾಗಾದರೆ ತೋಳೂ ಪುಡಿಯಾಗಿರಬೇಕು. ಅವಳು ಮೊಣಕೈವರೆಗೆ ಕೈಹಾಕಿ ಕೆದಕಿದಳು. ಅಡಿಯಲ್ಲಿ ನೀಲಿ ಕಂಡಿತು. ಎಳೆದಳು. ಹರಿಯಲಿಲ್ಲ. ನಲ್ಲಿಯಡಿ ಹಿಡಿದಳು, ಹೂವು ಹೂವಾಗಿಯೇ ಇದ್ದವು.

ದರ್ಜಿ ಅಂಚಿನ ಒಂದು ಎಳೆಗೆ ಕಡ್ಡಿ ಗೀರಿದ. ಅದು ಕರಗಿ ಕಪ್ಪು ಗಂಟಾಯಿತು.

"ರೀ, ಇದು..."

"ಬಾಯಿ ಮುಚ್ಕೊಂಡು ಇಸ್ತ್ರಿ ಹಾಕು. ಕಾವು ಕಮ್ಮಿ ಇಡು."

ಕೊನೆಯ ದಾರ ಕತ್ತರಿಸುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಒಡತಿ ಅಂಗಿ ತೊಟ್ಟು ಕನ್ನಡಿಯ ಮುಂದೆ ತಿರುಗಿದರು. ನಿಂತರು. ಎಡತೋಳನ್ನು ಮೂಗಿನ ಹತ್ತಿರ ತಂದರು.

"ಮಣ್ಣಿನ ವಾಸನೆ."

ದರ್ಜಿಯ ಕಣ್ಣು ಬಾಗಿಲ ಮೇಲಿತ್ತು, ಆ ಬಾಗಿಲೂ ಅವರದೇ.

"ಶುದ್ಧ ಹತ್ತಿ ಅಂದ್ರೆ ಹೀಗೆ ನೋಡಯ್ಯ. ಎಷ್ಟು ವರ್ಷ ಆದ್ರೂ ಹೊಲದ ವಾಸನೆ ಬಿಡಲ್ಲ. ಈಗಿನ ಬಟ್ಟೇಲಿ ಎಲ್ಲಿದೆ ಇದು?"

"ಎಲ್ಲೂ ಇಲ್ಲಮ್ಮಾ."

"ನಿಮ್ಮಮ್ಮನ ಬಟ್ಟೆಗೆ ಸಾವೇ ಇಲ್ಲ ಬಿಡಿ" ಎಂದಳು ಹೆಂಡತಿ. ದರ್ಜಿ ಅವಳ ಕಾಲು ತುಳಿದ.

ಒಡತಿಗೆ ಕಣ್ಣು ತುಂಬಿತು. ಹೊಸ್ತಿಲು ದಾಟಿದವರು ತಿರುಗಿ ನಿಂತರು. "ಉಳಿದ ಚೂರುಪಾರು ಇದ್ರೆ ಕೊಡಯ್ಯ. ಅಮ್ಮನ ನೆನಪು."

ಗಂಡಹೆಂಡಿರು ಒಟ್ಟಿಗೇ ಬಾಲ್ಕನಿಯ ಕಡೆ ನೋಡಿದರು.

"ನಾಳೆ ಕೊಡ್ತೀನಮ್ಮಾ" ಎಂದ ದರ್ಜಿ.