ಬೇಗ ವಾಸಿಯಾದವರ ನಕ್ಷತ್ರ

ಕೃತಜ್ಞತೆ ಹೇಳಬೇಕಾದವರು ಎದುರಿಗೆ ಬಂದರೆ ನಾನು ಬ್ಯಾಗಿನೊಳಗೆ ಕೈಹಾಕಿ ಏನೋ ಹುಡುಕತೊಡಗುತ್ತೇನೆ. ಇದು ಸಂಕೋಚವೋ ಸೊಕ್ಕೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದಾಗ ಅದಕ್ಕೆ ಮತ್ತೆ ಜೀವ ತುಂಬಿದ ಫಿಸಿಯೊಥೆರಪಿ ಅಕ್ಕ, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇದ್ದಾರೆ. ದಿನಾ ಸಿಗುತ್ತಾರೆ. ದಿನಾ ನನ್ನ ಬ್ಯಾಗಿನಲ್ಲಿ ಏನೋ ಕಳೆದುಹೋಗಿರುತ್ತದೆ.

ಅಲ್ಲಿ ನನ್ನದು ಕಚೇರಿ ಕೆಲಸ. ಹೋದ ವರ್ಷ ಮ್ಯಾನೇಜರು ವ್ಯಾಯಾಮದ ಹಾಲಿನಲ್ಲಿ ಒಂದು ಬೋರ್ಡು ಹಾಕಿಸಿದರು. ಒಬ್ಬ ರೋಗಿಯನ್ನು ವಾಸಿಮಾಡಿ ಮನೆಗೆ ಕಳಿಸಿದವರ ಹೆಸರಿನ ಮುಂದೆ ಒಂದು ನಕ್ಷತ್ರ. ತಿಂಗಳ ಕೊನೆಗೆ ಯಾರ ನಕ್ಷತ್ರ ಹೆಚ್ಚೋ ಅವರು ತಮ್ಮ ವಾರದ ರಜೆಯನ್ನು ಬೇಕಾದ ದಿನ ತೆಗೆದುಕೊಳ್ಳಬಹುದು. ಅಂಟಿಸುವವಳು ನಾನು.

ಫಿಸಿಯೊಥೆರಪಿಯವರು ಯಾರೂ ಕೆಟ್ಟವರಾಗಲಿಲ್ಲ. ಆದರೆ ಉಳುಕಿದ ಕಾಲೋ ಹಿಡಿದುಕೊಂಡ ಕುತ್ತಿಗೆಯೋ ಬಾಗಿಲಲ್ಲಿ ಕಂಡರೆ "ಬನ್ನಿ, ಬನ್ನಿ" ಎನ್ನುವವರು ಹೆಚ್ಚಾದರು. ಅಪ್ಪನಂಥವರು ಗಾಲಿಕುರ್ಚಿಯಲ್ಲಿ ಬಂದರೆ ಎಲ್ಲರಿಗೂ ಒಟ್ಟಿಗೇ ಟವೆಲ್ ಮಡಚುವ ಕೆಲಸ ನೆನಪಾಗುತ್ತಿತ್ತು. ಮಕ್ಕಳಿಗೆ ಶಾಲೆಯಿಲ್ಲದ ದಿನವೇ ತನಗೂ ರಜೆ ಸಿಗುತ್ತದೆಂದರೆ ಯಾರಿಗೆ ಬೇಡ? ನಾನೂ ಟವೆಲ್ಲೇ ಮಡಚುತ್ತಿದ್ದೆನೇನೋ.

ಅಕ್ಕ ಮಾತ್ರ, "ಯಜಮಾನ್ರೇ, ನನ್ ಕಡೆ ಬನ್ನಿ. ನಿಮಗೂ ಅವಸರ ಇಲ್ಲ, ನನಗೂ ಇಲ್ಲ" ಎಂದು ಅಪ್ಪನನ್ನು ಕರೆದೊಯ್ದರು. ಅಪ್ಪ ಲೋಟ ಹಿಡಿಯಲಾರದೆ ನೀರು ಚೆಲ್ಲಿಕೊಂಡರೆ ಎತ್ತಿಕೊಡುತ್ತಿರಲಿಲ್ಲ; ಕೈಕಟ್ಟಿ ಕಾಯುತ್ತಿದ್ದರು.

"ಈ ವಯಸ್ಸಲ್ಲಿ ಹೀಗೆ ಗೋಳು ಹೊಯ್ಕೋತೀಯಲ್ಲಮ್ಮ" ಎಂದು ಅಪ್ಪ ಗೊಣಗುತ್ತಿದ್ದರು.

"ಗೊಣಗೋಕೆ ನಾಲಿಗೆ ಚೆನ್ನಾಗಿ ಹೊರಳ್ತಿದೆ. ಇನ್ನು ಬೆರಳಿನ ಸರದಿ, ಹಿಡೀರಿ."

ಉಳಿದವರು ಅಕ್ಕನಿಗೆ ಗೂಡ್ಸ್ ಗಾಡಿ ಎಂದು ಹೆಸರಿಟ್ಟರು. ಆ ಗಾಡಿಯಲ್ಲೇ, ನನ್ನಮ್ಮ ಬಿಸಿಬಿಸಿ ಅನ್ನ ಕಲಸಿ ಬಾಯಿಗಿಡುವ ದಿನಗಳಿಂದ ಅಪ್ಪ ತಾವೇ ಉಣ್ಣುವ ದಿನಗಳಿಗೆ ಬಂದು ಮುಟ್ಟಿದರು.

ನಿನ್ನೆ ಮೀಟಿಂಗು. ಬೋರ್ಡಿನಲ್ಲಿ ಅಕ್ಕನ ಸಾಲು ಹೆಚ್ಚುಕಡಿಮೆ ಖಾಲಿ.

"ಇವರನ್ನ ಬರೋ ವಾರದಿಂದ ರಿಸೆಪ್ಷನ್ನಿಗೆ ಹಾಕ್ತೀನಿ" ಎಂದರು ಮ್ಯಾನೇಜರು. "ಅಲ್ಲಾದ್ರೆ ನಿಧಾನ ನಡೆಯುತ್ತೆ."

"ಗಾಡಿ ಹಳಿ ಬದಲಾಯಿಸ್ತು ಬಿಡಿ" ಎಂದ ಒಬ್ಬ. ಕೆಲವರು ನಕ್ಕರು. ಅಕ್ಕನೂ ನಕ್ಕರು, ಮಡಿಲಲ್ಲಿದ್ದ ರಬ್ಬರ್ ಚೆಂಡನ್ನು ಹಿಸುಕುತ್ತಲೇ ಇದ್ದರು. ಗಾಜಿನ ಬಾಗಿಲಾಚೆ, ಗಾಲಿಕುರ್ಚಿಯಲ್ಲಿ ಕೂತ ಮುದುಕಿಯೊಬ್ಬರು ಅವರಿಗಾಗಿ ಕಾಯುತ್ತಿದ್ದರು. ಬರುವ ವಾರ ಆಕೆಯನ್ನು ಯಾರು ಕರೆಯುತ್ತಾರೆ?

"ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎನ್ನುತ್ತಾ ಮ್ಯಾನೇಜರು ಆಗಲೇ ಕುರ್ಚಿ ಹಿಂದೆ ಸರಿಸಿದ್ದರು.

ನಾನು ಎದ್ದು ನಿಂತಿದ್ದು ನನಗೇ ತಡವಾಗಿ ಗೊತ್ತಾಯಿತು.

"ನೀನಾ? ಹೇಳಮ್ಮ."

"ಅವರು ನಿಧಾನ ಅಲ್ಲ ಸರ್. ಬೇಗ ವಾಸಿಯಾಗೋರಿಗೆ ಮಾತ್ರ ನಾವು ನಕ್ಷತ್ರ ಇಟ್ಟಿದೀವಿ. ಅದಕ್ಕೇ ನಮ್ಮಪ್ಪನ್ನ ಇಲ್ಲಿ ಯಾರೂ ಮುಟ್ಟಲಿಲ್ಲ. ಇವರು ಮುಟ್ಟಿದ್ರು."